ಮಸ್ಕತ್ತಿಗೆ ಹೋದ ಡಾಲರ್

ಮಂಗಳೂರಿಗೆ ಮಸ್ಕತ್ತು ಹೊಸ ಊರೇನಲ್ಲ. ಇಲ್ಲಿನ ಬಂದರಿನಿಂದ ಅಲ್ಲಿಗೆ ಅಕ್ಕಿ ಹೋಗುತ್ತಿದ್ದುದನ್ನು 1801ರಲ್ಲೇ ಪ್ರವಾಸಿ ಬುಕನನ್ ಬರೆದಿಟ್ಟಿದ್ದಾನೆ. ಆ ಕಾಲದ ಕಡಲ ವ್ಯಾಪಾರದಲ್ಲಿ ಓಡುತ್ತಿದ್ದ ಬೆಳ್ಳಿ ಸ್ಪೇನಿನ ಡಾಲರ್. ಅಮೆರಿಕ 1794ರಲ್ಲಿ ತನ್ನ ಡಾಲರ್ ಟಂಕಿಸಿದ್ದೂ ಅದನ್ನೇ ನೋಡಿ. ಆದರೆ ಅಮೆರಿಕದ ನಾಣ್ಯಗಳಲ್ಲೆಲ್ಲ ಹೆಚ್ಚು ತಲೆಕೆಡಿಸಿದ ಡಾಲರ್ ಮಸ್ಕತ್ತಿಗೆ ಹೋದದ್ದು ವ್ಯಾಪಾರಕ್ಕಲ್ಲ, ಉಡುಗೊರೆಯಾಗಿ.

1804 ಎಂದು ಇಸವಿ ಹೊತ್ತ ಆ ಡಾಲರಿನ ಚಿತ್ರ ಸಂಗ್ರಾಹಕರ ಕಣ್ಣಿಗೆ ಬಿದ್ದದ್ದು 1842ರಲ್ಲಿ, ಫಿಲಡೆಲ್ಫಿಯಾ ಟಂಕಸಾಲೆಯ ಇಬ್ಬರು ಅಧಿಕಾರಿಗಳ ಪುಸ್ತಕದಲ್ಲಿ. 1804ರಲ್ಲಿ 19,570 ಡಾಲರ್ ಟಂಕಿಸಿದ್ದಕ್ಕೆ ಲೆಕ್ಕವಿತ್ತು. ಅಷ್ಟೂ ಎಲ್ಲಿ ಹೋದವು? ಸಮುದ್ರಪಾಲಾದವು ಎಂದು ಕೆಲವರು ಕತೆ ಕಟ್ಟಿದರು.

ಗುಟ್ಟು ಇದ್ದದ್ದು ಅಂಚಿನಲ್ಲಿ. ಹಳೆಯ ಡಾಲರುಗಳ ಬಿಲ್ಲೆಯನ್ನು ಮೊದಲು ಉರುಳಿಸಿ ಅಂಚಿಗೆ ಅಕ್ಷರ ಒತ್ತಿ, ಆಮೇಲೆ ಮುಖಕ್ಕೆ ಅಚ್ಚು ಹೊಡೆಯುತ್ತಿದ್ದರು. ಏಟಿಗೆ ಬೆಳ್ಳಿ ಹೊರಕ್ಕೆ ಹರಡಲು ಜಾಗವಿತ್ತು, ಅಕ್ಷರ ಉಳಿಯುತ್ತಿತ್ತು. ಈ ಡಾಲರಿನಲ್ಲೋ ಅಕ್ಷರಗಳು ಜಜ್ಜಿಹೋಗಿವೆ. ಬಿಲ್ಲೆಯ ಸುತ್ತ ಉಕ್ಕಿನ ಬಳೆ ಬಿಗಿದು ಅಚ್ಚು ಹೊಡೆದರೆ ಹೀಗಾಗುತ್ತದೆ. ಆ ಬಳೆ ಟಂಕಸಾಲೆಗೆ ಬಂದದ್ದೇ 1828ರ ಸುಮಾರಿಗೆ.

ನಾಣ್ಯ ಸಂಶೋಧಕರಾದ ಎರಿಕ್ ನ್ಯೂಮನ್ ಮತ್ತು ಕೆನೆತ್ ಬ್ರೆಸೆಟ್ ಈ ನಾಣ್ಯ 1834ರ ನಂತರದ್ದೆಂದು ವಾದಿಸಿ ಪುಸ್ತಕ ಬರೆದರು. ಅದು ಅಚ್ಚಿಗೆ ಹೋಗಿದ್ದಾಗಲೇ, 1962ರಲ್ಲಿ, ಲಂಡನ್ನಿನ ನಾಣ್ಯ ವ್ಯಾಪಾರಿ ಡೇವಿಡ್ ಸ್ಪಿಂಕ್ ಡೆಟ್ರಾಯ್ಟಿನ ಸಮ್ಮೇಳನಕ್ಕೆ ಹಳದಿ ಚರ್ಮದ ಪೆಟ್ಟಿಗೆಯೊಂದನ್ನು ತಂದರು. ಸಯಾಮಿನ (ಇಂದಿನ ಥಾಯ್ಲೆಂಡಿನ) ದೊರೆಗೆ ಕೊಟ್ಟ ಪೆಟ್ಟಿಗೆ ಅದು. 1834ರ ಸಣ್ಣ ನಾಣ್ಯಗಳ ಪಕ್ಕದಲ್ಲೇ 1804ರ ಡಾಲರ್ ಕೂತಿತ್ತು! ಪುಸ್ತಕ ನಿಲ್ಲಿಸಿ ತಿದ್ದಬೇಕಾಯಿತು. ಸಂಶೋಧಕರಿಗೆ ಇಂಥ ಅದೃಷ್ಟ ಸಿಗುವುದು ಅಪರೂಪ.

ನಡೆದದ್ದಿಷ್ಟು. ಪೂರ್ವದ ದೊರೆಗಳಿಗೆ ಕೊಡಲು ತಮ್ಮ ಎಲ್ಲ ಬಗೆಯ ನಾಣ್ಯಗಳೂ ಬೇಕೆಂದು 1834ರಲ್ಲಿ ಅಮೆರಿಕ ಸರ್ಕಾರ ಟಂಕಸಾಲೆಯನ್ನು ಕೇಳಿತು. ಡಾಲರ್ ನಿಂತು ಮೂವತ್ತು ವರ್ಷವಾಗಿತ್ತು. ಲೆಕ್ಕಪುಸ್ತಕದಲ್ಲಿ ಕೊನೆಯ ವರ್ಷ 1804. ಆ ವರ್ಷ ಬಳಸಿದ್ದು ಅದಕ್ಕೂ ಹಳೆಯ ಇಸವಿಯ ಅಚ್ಚುಗಳನ್ನು ಎಂಬುದನ್ನು ಯಾರೂ ಗಮನಿಸಲಿಲ್ಲ. ಅದೇ ಇಸವಿ ಕೆತ್ತಿದರು. ರಾಯಭಾರಿ ಎಡ್ಮಂಡ್ ರಾಬರ್ಟ್ಸ್ 1835ರಲ್ಲಿ ಮಸ್ಕತ್ತಿನ ಸುಲ್ತಾನ ಸಯೀದನಿಗೆ, ಮರುವರ್ಷ ಸಯಾಮಿಗೆ ಪೆಟ್ಟಿಗೆ ಒಪ್ಪಿಸಿ, ಮಕಾವಿನಲ್ಲಿ ತೀರಿಕೊಂಡ.

ಸುಲ್ತಾನನದೆಂದು ನಂಬಲಾದ ನಾಣ್ಯ 2021ರಲ್ಲಿ 76.8 ಲಕ್ಷ ಡಾಲರಿಗೆ ಹರಾಜಾಯಿತು. ಇದರ ನಕಲುಗಳಿಗೇನೂ ಬರವಿಲ್ಲ. ನಮ್ಮೂರಲ್ಲಿ ಯಾರಾದರೂ ಒಂದನ್ನು ಕೈಗಿಟ್ಟರೆ ತಕ್ಕಡಿಗೆ ಹಾಕಿ, ಸುಮಾರು 27 ಗ್ರಾಂ ತೂಗಬೇಕು. ತೂಗಿದರೂ ಅಂಚು ನೋಡದೆ ದುಡ್ಡು ಬಿಚ್ಚಬೇಡಿ.