ಹಿಂಡಿ ಸುರಿದರೆ ಡಿಗ್ರಿ ಏರದು

‘ಹಾಲೇನೋ ಚೆನ್ನಾಗೇ ಕೊಡುತ್ತೆ ಸಾರ್, ಡಿಗ್ರಿ ಬರಲ್ಲ.’ ಹಳ್ಳಿಯ ಡೈರಿ ಮುಂದೆ ಬೆಳಿಗ್ಗೆ ನಿಂತರೆ ಈ ಮಾತು ಕಿವಿಗೆ ಬೀಳದೆ ಇರದು. ಡಿಗ್ರಿಯಿಂದ ಅಳೆಯುವುದು ಹಾಲಿನ ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ. ಅದು ಶೇ 8.5ರ ಆಸುಪಾಸು ಇಲ್ಲದಿದ್ದರೆ ದರಕ್ಕೆ ಕತ್ತರಿ. ಮನೆಗೆ ಬಂದವರು ಬಾನಿಗೆ ಇನ್ನೊಂದು ಸೇರು ಕಡಲೆಕಾಯಿ ಹಿಂಡಿ ಹಾಕುತ್ತಾರೆ. ಖರ್ಚು ಏರುತ್ತದೆ, ಡಿಗ್ರಿ ಅಲ್ಲೇ ಇರುತ್ತದೆ.

ಎಸ್‌ಎನ್‌ಎಫ್‌ನಲ್ಲಿ ಲ್ಯಾಕ್ಟೋಸ್ ಮತ್ತು ಖನಿಜಗಳು ಅಷ್ಟಾಗಿ ಕದಲುವುದಿಲ್ಲ. ಮೇವಿನಿಂದ ಏರಿಳಿಯುವುದು ಪ್ರೋಟೀನು. ಹಾಗಾದರೆ ಹಿಂಡಿಯ ಪ್ರೋಟೀನು ಎಲ್ಲಿ ಹೋಯಿತು? ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳು ಅದರ ಬಹುಪಾಲನ್ನು ಅಮೋನಿಯಾ ಮಾಡಿ, ಅದರಿಂದ ತಮ್ಮ ಮೈ ಕಟ್ಟಿಕೊಳ್ಳುತ್ತವೆ. ಆ ಜೀವಿಗಳೇ ಕೆಳಗಿಳಿದು ಹಸುವಿಗೆ ಉತ್ತಮ ಪ್ರೋಟೀನು ಆಗುತ್ತವೆ. ಈ ಕೆಲಸಕ್ಕೆ ಶಕ್ತಿ ಬೇಕು. ಜೋಳದ ಹಿಟ್ಟು, ಹಸಿರು ಮೇವು ಸಾಲದಿದ್ದರೆ ಉಳಿದ ಅಮೋನಿಯಾ ಯೂರಿಯಾ ಆಗಿ ಗಂಜಲದಲ್ಲಿ ಹೋಗುತ್ತದೆ.

ಹೆಚ್ಚು ಹಾಲಿನ ಹಸುವಿಗೆ ಇನ್ನೊಂದು ತೊಡಕಿದೆ. ಹಾಲಿನ ಪ್ರೋಟೀನು ಕಟ್ಟಲು ಬೇಕಾದ ಅಮೈನೋ ಆಮ್ಲಗಳಲ್ಲಿ ಮೊದಲು ಕೊರತೆ ಬೀಳುವುದು ಸಾಮಾನ್ಯವಾಗಿ ಲೈಸಿನ್, ಮೆಥಿಯೊನಿನ್. ಪಂಕ್ತಿಗೆ ಎಲೆ ಎಂಬತ್ತೇ ಇದ್ದರೆ ಅನ್ನ ಇನ್ನೂರು ಮಂದಿಗಿದ್ದರೂ ಉಣ್ಣುವವರು ಎಂಬತ್ತೇ. ಮುಸುಕಿನ ಜೋಳದಲ್ಲಿ ಲೈಸಿನ್ ಕಡಿಮೆ, ಸೋಯಾ ಹಿಂಡಿಯಲ್ಲಿ ಮೆಥಿಯೊನಿನ್ ಕಡಿಮೆ, ಕಡಲೆಕಾಯಿ ಹಿಂಡಿಯಲ್ಲಿ ಎರಡೂ ಸಾಲವು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2001ರ ಲೆಕ್ಕದಂತೆ, ಹಸುವಿಗೆ ದಕ್ಕುವ ಪ್ರೋಟೀನಿನಲ್ಲಿ ಲೈಸಿನ್ ಶೇ 7.2, ಮೆಥಿಯೊನಿನ್ ಶೇ 2.4 ಇದ್ದರೆ ಹಾಲಿನ ಪ್ರೋಟೀನಿಗೆ ಒಳ್ಳೆಯದು.

ಕೋಳಿ ಆಹಾರಕ್ಕೆ ಬೆರೆಸುವ ಮೆಥಿಯೊನಿನ್ ಪುಡಿಯನ್ನೇ ಹಸುವಿಗೂ ಹಾಕಿದರೆ ಹಣ ದಂಡ. ಅದೂ ಮೆಲುಕು ಹೊಟ್ಟೆಯಲ್ಲೇ ಬಹುಪಾಲು ಒಡೆದುಹೋಗುತ್ತದೆ. ಹಸುವಿಗೆ ಬೇಕಾದದ್ದು ಲೇಪ ಹಚ್ಚಿದ ಮೆಥಿಯೊನಿನ್ ಕಾಳು: ಮೆಲುಕು ಹೊಟ್ಟೆಯನ್ನು ದಾಟಿ, ಮುಂದಿನ ಹೊಟ್ಟೆ ಅಥವಾ ಕರುಳಿನಲ್ಲಿ ಕರಗುವಂಥದ್ದು. ಅದನ್ನು ಅರೆಯಬಾರದು, ಬೂಸಾದ ಜೊತೆ ಬೇಯಿಸಬಾರದು. ಲೇಪ ಹೋದರೆ ಅದೂ ಬರೀ ಪುಡಿಯೇ.

ಫಲ ಸಿಕ್ಕರೂ ಅದು ಸಣ್ಣದು, ಪ್ರೋಟೀನು ಶೇ 0.1ರಿಂದ 0.2ರಷ್ಟು ಏರಬಹುದು. ದಿನಕ್ಕೆ ಎಂಟು ಹತ್ತು ಲೀಟರ್ ಕೊಡುವ ಹಸುವಿಗೆ ಅದರ ಗೊಡವೆಯೇ ಬೇಡ. ಕರು ಹಾಕಿದ ಮೊದಲ ತಿಂಗಳುಗಳ, ಹೆಚ್ಚು ಕರೆಯುವ ಹಸುವಿಗೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಡಿಗ್ರಿ ಕಡಿಮೆಯಾಯಿತೆಂದು ಪ್ಯಾಕೆಟ್ ಕೊಳ್ಳುವ ಮೊದಲು ಹಸಿರು ಮೇವು, ಜೋಳದ ಹಿಟ್ಟು ಸಾಕಷ್ಟಿದೆಯೇ ನೋಡಿ. ಪಶುವೈದ್ಯರನ್ನು ಕರೆದು ಬಾನಿಯ ಲೆಕ್ಕ ಹಾಕಿಸಿ.