ದೆಹಲಿ ಚಳಿಗೆ ಉಬ್ಬದ ಹಿಟ್ಟು, ಎರಡು ಸಾವಿರದೊಳಗಿನ ಪೆಟ್ಟಿಗೆ

ಉತ್ತರ ಭಾರತದಲ್ಲಿ ಒಂದೆರಡು ಚಳಿಗಾಲ ಕಳೆದ ಯಾವ ಕನ್ನಡದ ಮನೆಯನ್ನಾದರೂ ಕೇಳಿ ನೋಡಿ, ಇಡ್ಲಿ ಹಿಟ್ಟಿಗೆ ತಮ್ಮದೇ ಒಂದು ಉಪಾಯ ಇಟ್ಟುಕೊಂಡಿರುತ್ತಾರೆ. ಪಾತ್ರೆಗೆ ರಜಾಯಿ ಸುತ್ತುವವರು, ಓವನ್ ಒಳಗೆ ದೀಪ ಹಾಕಿ ಇಡುವವರು, ಸ್ಟೆಬಿಲೈಸರ್ ಮೇಲೆ ಕೂರಿಸುವವರು, ಇದಾವುದರ ಸಹವಾಸವೇ ಬೇಡ ಎಂದು ಈನೋ ಪೊಟ್ಟಣ ಹರಿಯುವವರು. ಜನವರಿಯಲ್ಲಿ ಇಲ್ಲಿ ರಾತ್ರಿಯ ತಾಪ 5 ಡಿಗ್ರಿಗೂ ಕೆಳಗೆ ಇಳಿಯುವುದುಂಟು. ಮನೆಗಳೆಲ್ಲ ಬೇಸಿಗೆಗೆಂದೇ ಕಟ್ಟಿದಂಥವು. ನಮ್ಮ ಅಡುಗೆಮನೆಯಲ್ಲಿ ಬೆಳಗಿನ ಜಾವ 11 ಡಿಗ್ರಿ ಇರುತ್ತದೆ. ಈ ಚಳಿಯಲ್ಲಿ ಹಿಟ್ಟು ರಾತ್ರಿ ಇಟ್ಟಂತೆಯೇ ಬೆಳಿಗ್ಗೆ ಸಿಗುತ್ತದೆ.

ನಮ್ಮ ಮನೆಯಲ್ಲಿ ಇದು ತಿಂಡಿಯ ಸಮಸ್ಯೆಯಾಗಿ ಮಾತ್ರ ಉಳಿಯಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅರಸೀಕೆರೆಯ ಮನೆಗೆ ಬೀಗ ಹಾಕಿ ನಮ್ಮ ಜೊತೆ ಬಂದಳು. ಹಿಂದಿ ಬರುವುದಿಲ್ಲ, ಹೊರಗೆ ಹೋಗಲು ಮಂಜು, ಹೊಗೆ. ಈ ಮನೆಯಲ್ಲಿ ಯಾರನ್ನೂ ಕೇಳದೆ ಅವಳು ಕೈಗೆತ್ತಿಕೊಂಡ ಕೆಲಸ ಅಂದರೆ ಹಿಟ್ಟು ರುಬ್ಬುವುದು. ಮೂರು ವಾರ ಸತತವಾಗಿ ಇಡ್ಲಿ ಕಲ್ಲಿನಂತಾದಾಗ ಅವಳು ನೀರನ್ನು ಬೈಯಲಿಲ್ಲ, ಬೇಳೆಯನ್ನು ಬೈಯಲಿಲ್ಲ. "ನನ್ನ ಕೈಗುಣವೇ ಹೋಯ್ತು ಕಣೋ" ಅಂದಳು. ಆಮೇಲೆ ಗ್ರೈಂಡರ್ ಮುಟ್ಟುವುದನ್ನೇ ಬಿಟ್ಟಳು. ನನ್ನ ಹೆಂಡತಿ ಅಂಗಡಿಯಿಂದ ಪ್ಯಾಕೆಟ್ ಹಿಟ್ಟು ತಂದ ದಿನ ಅಮ್ಮ ಏನೂ ಹೇಳದೆ ಬ್ರೆಡ್ ತಿಂದಳು.

ಪರಿಹಾರದ ಎಳೆ ಸಿಕ್ಕಿದ್ದು ಬಿಯರ್‌ನಿಂದ. ನಮ್ಮ ತಂಡದಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಕೂತು ಕೆಲಸ ಮಾಡುವ ಒಬ್ಬ ಸಹೋದ್ಯೋಗಿ ಇದ್ದಾನೆ. ಮನೆಯಲ್ಲೇ ಬಿಯರ್ ಮಾಡುವುದು ಅವನ ಹವ್ಯಾಸ. ಅಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದಾಗಿ ಸ್ವಂತ ಬಳಕೆಗೆ ಬಿಯರ್ ಮಾಡಿಕೊಳ್ಳುವುದಕ್ಕೆ ಒಕ್ಕೂಟ ಸರ್ಕಾರದ ಅಡ್ಡಿ ಇಲ್ಲ. ಅವನು ಮೊದಲು ಗ್ಯಾಸ್ ಒಲೆಯ ಮೇಲೆ ಕುದಿಸುತ್ತಿದ್ದವನು ಈಗ ಎಲ್ಲವನ್ನೂ ಕರೆಂಟಿಗೆ ಬದಲಾಯಿಸಿಕೊಂಡಿದ್ದಾನೆ. ಒಂದು ದಿನ ವಿಡಿಯೋ ಕರೆಯಲ್ಲಿ ತನ್ನ ಗ್ಯಾರೇಜ್ ತೋರಿಸಿದ. ಕುದಿಸುವ ದೊಡ್ಡ ಸ್ಟೀಲ್ ಪಾತ್ರೆ ನನಗೆ ಅಷ್ಟೇನೂ ಅನ್ನಿಸಲಿಲ್ಲ, ಅದು ನಮ್ಮ ಇಮ್ಮರ್ಷನ್ ರಾಡಿನ ಅಣ್ಣ ಅಷ್ಟೇ. ಮೂಲೆಯಲ್ಲಿದ್ದ ಹಳೆಯ ಫ್ರಿಜ್ ಮಾತ್ರ ಕಣ್ಣು ಸೆಳೆಯಿತು. ಅದರ ಬಾಗಿಲಿಗೆ ಕೆಂಪು ಅಂಕಿ ತೋರಿಸುವ ಸಣ್ಣ ಯಂತ್ರ ಅಂಟಿಸಿದ್ದ. ಕುದಿಸುವುದು ಒಂದು ಮಧ್ಯಾಹ್ನದ ಕೆಲಸ, ಬಿಯರಿನ ರುಚಿ ನಿಲ್ಲುವುದು ಆಮೇಲಿನ ಒಂದೆರಡು ವಾರ ತಾಪ ಅಲ್ಲಾಡದಂತೆ ನೋಡಿಕೊಳ್ಳುವುದರಲ್ಲಿ ಎಂದು ಅವನೇ ವಿವರಿಸಿದ. ಸಾಮಾನ್ಯ ಏಲ್ ಯೀಸ್ಟಿಗೆ 18ರಿಂದ 22 ಡಿಗ್ರಿ ಬೇಕಂತೆ.

ಇಲ್ಲಿ ಅದೇ ಬಿಯರ್ ಮಾಡಲು ಹೋದರೆ ಅಬಕಾರಿಯವರು ಬಾಗಿಲಿಗೆ ಬರುತ್ತಾರೆ. 2009ರ ದೆಹಲಿ ಅಬಕಾರಿ ಕಾಯ್ದೆಯಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ನಮ್ಮೂರಲ್ಲೂ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಮಾತು ಅದೇ. ಆದರೆ ಇಡ್ಲಿ ಹಿಟ್ಟು ಹುದುಗುವುದನ್ನು ಯಾವ ಕಾಯ್ದೆಯೂ ಕೇಳುವುದಿಲ್ಲವಲ್ಲ! ಅವನಿಗೆ 20 ಡಿಗ್ರಿ ಬೇಕು, ನನಗೆ 30 ಬೇಕು. ಅವನಿಗೆ ವಾರಗಟ್ಟಲೆ, ನನಗೆ ಒಂದು ರಾತ್ರಿ. ಉಳಿದದ್ದೆಲ್ಲ ಒಂದೇ.

ಸಾಮಾನು ಕೊಳ್ಳುವ ಮೊದಲು ಎರಡು ರಾತ್ರಿ ಅಳತೆ ತೆಗೆದುಕೊಂಡೆ. ರಜಾಯಿ ಸುತ್ತಿದ ಹಿಟ್ಟು ರಾತ್ರಿ ಒಂಬತ್ತಕ್ಕೆ 18 ಡಿಗ್ರಿ ಇತ್ತು, ಬೆಳಿಗ್ಗೆ ಆರಕ್ಕೆ 14. ರಜಾಯಿ ನಮ್ಮನ್ನು ಬೆಚ್ಚಗಿಡುವುದು ನಮ್ಮ ಮೈಯೇ ಶಾಖ ಹುಟ್ಟಿಸುವುದರಿಂದ. ಹಿಟ್ಟು ತನ್ನನ್ನು ತಾನು ಬೆಚ್ಚಗಿಟ್ಟುಕೊಳ್ಳುವಷ್ಟು ಶಾಖ ಹುಟ್ಟಿಸುವುದಿಲ್ಲ, ಹಾಗಾಗಿ ರಜಾಯಿ ಅದು ತಣ್ಣಗಾಗುವುದನ್ನು ಸ್ವಲ್ಪ ಮುಂದೂಡುತ್ತದೆ ಅಷ್ಟೇ. ಓವನ್ ದೀಪದ್ದು ಇದರ ತಿರುವುಮುರುವು ಕಥೆ. ಶಾಖವೇನೋ ಇದೆ, ಆದರೆ ಎಷ್ಟಕ್ಕೆ ನಿಲ್ಲಬೇಕೆಂದು ಅದಕ್ಕೆ ಗೊತ್ತಿಲ್ಲ. ಮಲ್ಟಿಕುಕ್ಕರ್‌ಗಳಲ್ಲಿ ಇರುವ ಮೊಸರಿನ ಬಟನ್ ಸಾಮಾನ್ಯವಾಗಿ 40 ಡಿಗ್ರಿಯ ಆಸುಪಾಸಿನದು, ಮೊಸರಿಗೆ ಸರಿ, ಇಡ್ಲಿಗೆ ಹೆಚ್ಚು.

ಹೆಚ್ಚು ಯಾಕೆ ಅಂದರೆ, ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೋನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ. ಅದು ಆಮ್ಲದ ಜೊತೆ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಆ ಗಾಳಿಯನ್ನು ಹೊರಬಿಡದೆ ಹಿಡಿದುಕೊಳ್ಳುವುದು ಉದ್ದಿನ ಲೋಳೆ. 30 ಡಿಗ್ರಿಯ ಹತ್ತಿರ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಶಾಖ ತೀರಾ ಏರಿದರೆ ಹುಳಿ ಮಾಡುವ ಬೇರೆ ಬ್ಯಾಕ್ಟೀರಿಯಾಗಳು ಮುಂದೆ ಹೋಗುತ್ತವೆ, ಹಿಟ್ಟು ಉಬ್ಬುವ ಮೊದಲೇ ಹುಳಿಯಾಗುತ್ತದೆ. ಅಂದರೆ ನಮಗೆ ಬೇಕಾದದ್ದು ಹೆಚ್ಚು ಶಾಖವಲ್ಲ, ಅಲುಗಾಡದ ಸಣ್ಣ ಶಾಖ. (ವಡ್ಡಾರಾಧನೆಯಲ್ಲಿ ಬರುವ ಇಡ್ಡಲಿಗೆಯನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಅಕ್ಕಿ ಸೇರಿಸಿ, ರಾತ್ರಿಯಿಡೀ ಹುದುಗಿಸಿ, ಹಬೆಯಲ್ಲಿ ಬೇಯಿಸುವ ಇಂದಿನ ಕ್ರಮ ಹಳೆಯ ಗ್ರಂಥಗಳ ವಿವರಗಳಲ್ಲಿ ಕಾಣುವುದಿಲ್ಲ ಎಂದು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ತೋರಿಸಿದ್ದರು.)

ಇನ್ನು ಪೆಟ್ಟಿಗೆಯ ವಿಷಯ. ಹಳೆಯ ಫ್ರಿಜ್ ಇಡಲು ನಮ್ಮ ಫ್ಲ್ಯಾಟಿನಲ್ಲಿ ಜಾಗವಿಲ್ಲ. ಪಿಕ್‌ನಿಕ್‌ಗೆ ಒಯ್ಯುವ 25 ಲೀಟರಿನ ಐಸ್ ಬಾಕ್ಸ್ ತೆಗೆದುಕೊಂಡೆ. ತಣ್ಣಗಿಡುವ ಪೆಟ್ಟಿಗೆ ಬೆಚ್ಚಗೂ ಇಡುತ್ತದೆ. ತಾಪ ನೋಡಿಕೊಳ್ಳಲು ಎಸ್‌ಟಿಸಿ-1000 ಎಂಬ ಕಂಟ್ರೋಲರ್, ಪೋರ್ಟ್‌ಲ್ಯಾಂಡಿನವನ ಫ್ರಿಜ್ ಬಾಗಿಲಲ್ಲಿ ಇದ್ದದ್ದೂ ಅದೇ. ಶಾಖಕ್ಕೆ 25 ವಾಟಿನ ಹಳೇ ಕಾಲದ ತಂತಿ ಬಲ್ಬು. ಎಲ್‌ಇಡಿ ಇಲ್ಲಿ ಪ್ರಯೋಜನವಿಲ್ಲ, ಬೆಳಕಿನ ವಿಷಯದಲ್ಲಿ ತಂತಿ ಬಲ್ಬಿನ ದೋಷವೇ ಇಲ್ಲಿ ಗುಣ. ಪಿಂಗಾಣಿ ಹೋಲ್ಡರ್, ಬಲ್ಬಿನ ಮೇಲೆ ಕವುಚಲು ತೂತು ಹೊಡೆದ ಹಾಲಿನ ಪುಡಿ ಡಬ್ಬಿ, ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ 12 ವೋಲ್ಟ್ ಫ್ಯಾನ್, ಅದಕ್ಕೆ ಸತ್ತುಹೋದ ರೂಟರಿನ ಅಡಾಪ್ಟರ್. ಕೆಂಪು ಕೋಟೆ ಎದುರಿನ ಲಜಪತ್ ರಾಯ್ ಮಾರ್ಕೆಟ್‌ನಲ್ಲಿ ಕಂಟ್ರೋಲರ್ ಸಿಕ್ಕಿತು, ಪಕ್ಕದ ಭಾಗೀರಥ ಪ್ಯಾಲೇಸ್‌ನಲ್ಲಿ ಬಲ್ಬು, ಹೋಲ್ಡರ್, ವೈರು, ಫ್ಯೂಸು. ಐಸ್ ಬಾಕ್ಸಿಗೆ 1,150 ರೂಪಾಯಿ, ಕಂಟ್ರೋಲರಿಗೆ 480, ಉಳಿದ ಚಿಲ್ಲರೆ ಸಾಮಾನಿಗೆ 260. ಒಟ್ಟು 1,890. ವಿದೇಶದಿಂದ ತರಿಸುವ ಬ್ರೆಡ್ ಪ್ರೂಫರ್‌ಗಳಿಗೆ ಇದರ ಎಷ್ಟೋ ಪಟ್ಟು ಕೊಡಬೇಕು, ಒಳಗೆ ಇರುವುದು ಹೆಚ್ಚುಕಡಿಮೆ ಇದೇ.

ಜೋಡಣೆಯಲ್ಲಿ ಹಲವರು ತಿಳಿಯದ ಒಂದು ಅಂಶವಿದೆ. ಕಂಟ್ರೋಲರ್ ಬಲ್ಬಿಗೆ ಕರೆಂಟು ಕೊಡುವುದಿಲ್ಲ, ಅದು ಬರೀ ಸ್ವಿಚ್ಚು. 1 ಮತ್ತು 2ನೇ ತಿರುಪಿಗೆ ಅದರ ಸ್ವಂತ ಕರೆಂಟು, 3-4ಕ್ಕೆ ತಾಪ ಅಳೆಯುವ ಪ್ರೋಬ್, 5-6 ಬಿಸಿಯ ಸ್ವಿಚ್ಚು, 7-8 ತಂಪಿನದು. ಬಲ್ಬಿಗೆ ಹೋಗುವ ಫೇಸ್ ವೈರನ್ನು 5-6ರ ಮೂಲಕ ಹಾಯಿಸಬೇಕು. ಎಫ್1ರಲ್ಲಿ ಬೇಕಾದ ತಾಪ, ಎಫ್2ರಲ್ಲಿ ಎಷ್ಟು ಇಳಿದರೆ ಮತ್ತೆ ಹೊತ್ತಬೇಕೆಂಬುದು. ನಾನು 30 ಮತ್ತು 0.5 ಇಟ್ಟೆ. 230 ವೋಲ್ಟಿನ ಕೆಲಸ ಕೈಗೆ ರೂಢಿ ಇಲ್ಲದವರು ಕಾಲೊನಿಯ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ, ಅವನಿಗೆ ಅರ್ಧ ಗಂಟೆಯ ಕೆಲಸ.

ಪ್ರೋಬನ್ನು ಎಲ್ಲಿಡುವುದು ಎಂಬುದರಲ್ಲಿ ಇಡೀ ಗುಟ್ಟು ಇದೆ. ಗಾಳಿಯಲ್ಲಿ ತೂಗುಬಿಟ್ಟರೆ ಗಾಳಿ ಬೇಗ ಬಿಸಿಯಾಗಿ ಬಲ್ಬು ಆರುತ್ತದೆ, ಹಿಟ್ಟು ಗಂಟೆಗಟ್ಟಲೆ ತಣ್ಣಗೇ ಇರುತ್ತದೆ. ಹಿಟ್ಟಿನೊಳಗೆ ಮುಳುಗಿಸಲು ಅದು ಊಟದ ಸಾಮಾನಲ್ಲ. ಬಿಯರಿನವರು ಪ್ರೋಬನ್ನು ಪಾತ್ರೆಯ ಹೊರಮೈಗೆ ಅಂಟಿಸಿ, ಮೇಲೆ ಒಂದು ತುಂಡು ಥರ್ಮಾಕೋಲ್ ಒತ್ತಿ ಟೇಪು ಸುತ್ತುತ್ತಾರೆ. ನಾನೂ ಹಾಗೇ ಸ್ಟೀಲ್ ಡಬ್ಬಿಯ ನಡುಮಟ್ಟಕ್ಕೆ ಅಂಟಿಸಿದೆ. ಆಗ ಅದು ಗಾಳಿಯನ್ನಲ್ಲ, ಹಿಟ್ಟನ್ನೇ ಓದುತ್ತದೆ.

ಮೂರು ಕಿಲೋ ಹಿಟ್ಟನ್ನು 14ರಿಂದ 30 ಡಿಗ್ರಿಗೆ ಏರಿಸಲು 25 ವಾಟಿನ ಬಲ್ಬಿಗೆ ಏನೂ ಸೋರದಿದ್ದರೂ ಎರಡು ಗಂಟೆ ಹತ್ತಿರ ಬೇಕು ಎಂದು ಲೆಕ್ಕ ಹೇಳುತ್ತದೆ. ಸೋರುವುದರಿಂದ ಅದರ ಎರಡು ಮೂರರಷ್ಟು ಹಿಡಿಯುತ್ತದೆ. ದೊಡ್ಡ ಬಲ್ಬು ಹಾಕುವ ಬದಲು ರುಬ್ಬುವ ನೀರನ್ನೇ ಉಗುರು ಬೆಚ್ಚಗೆ ಮಾಡಿಕೊಂಡರೆ ಈ ಹೊತ್ತೆಲ್ಲ ಉಳಿಯುತ್ತದೆ. ಇದು ಯಂತ್ರ ಇಲ್ಲದವರಿಗೂ ಉಪಯೋಗಕ್ಕೆ ಬರುವ ಮಾತು.

ದೊಡ್ಡ ಬಲ್ಬು ಬೇಡವೆಂದದ್ದಕ್ಕೆ ಇನ್ನೊಂದು ಕಾರಣವಿದೆ, ಅದೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು. ಮನೆಯಲ್ಲಿ ಆರು ವರ್ಷದ ಮಗಳು, ಅರವತ್ತಾರರ ಅಮ್ಮ ಮಲಗಿರುವಾಗ ರಾತ್ರಿಯಿಡೀ ಉರಿಯುವ ವಸ್ತು ಇದು. ಇಂಥ ಕಂಟ್ರೋಲರುಗಳ ರಿಲೇ ಹಳತಾದಾಗ ಒಳಗಿನ ತುದಿಗಳು ಅಂಟಿಕೊಂಡು ಸ್ವಿಚ್ಚು ಆರದೇ ಉಳಿಯಬಹುದು. ಹಾಗಾದರೆ ಏನಾಗುತ್ತದೆಂದು ನೋಡಲು ಒಂದು ಭಾನುವಾರ ಕಂಟ್ರೋಲರನ್ನು ಬದಿಗಿಟ್ಟು ಬಲ್ಬನ್ನು ನೇರವಾಗಿ ಆರು ಗಂಟೆ ಉರಿಸಿದೆ, ಪಕ್ಕದಲ್ಲೇ ಕೂತಿದ್ದೆ. ಒಳಗಿನ ಗಾಳಿ 46 ಡಿಗ್ರಿಗೆ ಬಂದು ನಿಂತಿತು. ಹಿಟ್ಟು ಹಾಳಾಗುತ್ತದೆ, ಮನೆ ಸುಡುವುದಿಲ್ಲ. 100 ವಾಟಿನ ಬಲ್ಬಾಗಿದ್ದರೆ ಹೀಗೆ ಹೇಳುವ ಧೈರ್ಯ ನನಗಿರುತ್ತಿರಲಿಲ್ಲ. ಬಲ್ಬಿನ ಗಾಜು ಮಾತ್ರ 25 ವಾಟಿನದಾದರೂ ಕೈ ಸುಡುವಷ್ಟು ಕಾಯುತ್ತದೆ, ಪ್ಲಾಸ್ಟಿಕ್ಕಿಗೆ, ಥರ್ಮಾಕೋಲಿಗೆ ತಾಗಬಾರದು. ತಗಡಿನ ಡಬ್ಬಿ ಅದಕ್ಕೇ. ಇದರ ಮೇಲೆ ಬಲ್ಬಿನ ದಾರಿಯಲ್ಲಿ 72 ಡಿಗ್ರಿಗೆ ಕಡಿದುಕೊಳ್ಳುವ ಥರ್ಮಲ್ ಫ್ಯೂಸ್ ಒಂದು, 1 ಆಂಪಿಯರ್ ಮಾಮೂಲಿ ಫ್ಯೂಸ್ ಒಂದು, ಮೂರು ಪಿನ್ನಿನ ಪ್ಲಗ್ಗು, ತಗಡಿಗೆ ಅರ್ಥಿಂಗ್. ಥರ್ಮಲ್ ಫ್ಯೂಸಿಗೆ ಹತ್ತಿಪ್ಪತ್ತು ರೂಪಾಯಿ. ಅದನ್ನು ಉಳಿಸಲು ಹೋಗಬೇಡಿ. ಕರೆಂಟಿನ ಖರ್ಚು ಹೇಳಿಕೊಳ್ಳುವಷ್ಟಿಲ್ಲ, ಬಲ್ಬು 12 ಗಂಟೆ ಆರದೇ ಉರಿದರೂ 0.3 ಯೂನಿಟ್ಟು.

ಯಂತ್ರ ಸಿದ್ಧವಾದ ಮೇಲೆ ಅಮ್ಮನನ್ನು ಒಪ್ಪಿಸುವುದು ಬೇರೆಯೇ ಕೆಲಸವಾಯಿತು. ಹುದುಗಿಸುವ ಜೀವಿಗಳು ಬೇಳೆಯ ಜೊತೆಯಲ್ಲೇ ಬರುತ್ತವೆ, ಅವಕ್ಕೆ ಚಳಿಯಾಗುತ್ತಿತ್ತು ಅಷ್ಟೇ, ನಿನ್ನ ಕೈಯದೇನೂ ತಪ್ಪಿಲ್ಲ ಎಂದು ಸಮಾಧಾನ ಹೇಳಿದೆ. ಅಮ್ಮ ಒಂದು ಕ್ಷಣ ಸುಮ್ಮನಿದ್ದು, "ಹಾಗಾದ್ರೆ ನಲವತ್ತು ವರ್ಷ ನಾನು ಮಾಡಿದ್ದೇನೋ?" ಅಂದಳು. ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಸೊಸೆಯ ಬಳಿ ಇತ್ತು. "ಅತ್ತೆ, ಪೆಟ್ಟಿಗೆಗೆ ಉದ್ದು ಎಷ್ಟು ನೆನೆಯಬೇಕು, ಎಷ್ಟು ನುಣ್ಣಗಾಗಬೇಕು ಅಂತ ಗೊತ್ತಾ? ಅದು ಬರೀ ಒಲೆ ತರಹ. ಹಿಟ್ಟು ನೀವೇ ರುಬ್ಬಿಕೊಡಬೇಕು" ಅಂದಳು. ಅದು ನಿಜವೂ ಹೌದು. ನಾವಿಬ್ಬರು ರುಬ್ಬಿದ ಹಿಟ್ಟು ಅದೇ ಪೆಟ್ಟಿಗೆಯಲ್ಲಿ, ಅದೇ 30 ಡಿಗ್ರಿಯಲ್ಲಿ ಅರ್ಧದಷ್ಟೇ ಉಬ್ಬಿತ್ತು. ನಾವು ಉದ್ದನ್ನು ಒಂದೇ ಸಲಕ್ಕೆ ನೀರು ಸುರಿದು ರುಬ್ಬುತ್ತೇವೆ. ಅಮ್ಮ ನೀರು ಚಿಮುಕಿಸುತ್ತಾ, ಒಂದು ತೊಟ್ಟು ಹಿಟ್ಟು ನೀರಿನ ಬಟ್ಟಲಲ್ಲಿ ತೇಲುವವರೆಗೆ ಬಿಡುವುದಿಲ್ಲ.

ಸಂಕ್ರಾಂತಿಯ ಹಿಂದಿನ ರಾತ್ರಿ ಅಮ್ಮ ಒಂದು ಲೋಟ ಉದ್ದಿಗೆ ಎರಡು ಲೋಟ ಇಡ್ಲಿ ರವೆ, ಒಂದು ಚಮಚ ಮೆಂತ್ಯ ಹಾಕಿ ಹಿಟ್ಟು ಮಾಡಿಕೊಟ್ಟಳು. ಡಬ್ಬಿಯಲ್ಲಿ ಅರ್ಧಕ್ಕೆ ಗುರುತು ಹಾಕಿ ಇಟ್ಟೆ. ಹೊರಗೆ 6 ಡಿಗ್ರಿ. ಬೆಳಿಗ್ಗೆ ಎಂಟಕ್ಕೆ, ಅಂದರೆ ಹನ್ನೊಂದು ಗಂಟೆಗೆ, ಹಿಟ್ಟು ಮುಚ್ಚಳ ತಾಗಿತ್ತು. ಅಮ್ಮ ಕೆಂಪು ಅಂಕಿಯ ಕಡೆ ನೋಡಲೇ ಇಲ್ಲ, ಬಗ್ಗಿ ವಾಸನೆ ನೋಡಿದಳು, ಸೌಟಿನಿಂದ ಒಂದು ಬದಿ ಮಾತ್ರ ಮೆಲ್ಲಗೆ ಎತ್ತಿದಳು. ಅವತ್ತು ಮೂರು ಒಬ್ಬೆ ಇಡ್ಲಿ ಬೆಂದವು. ಕೆಳಗಿನ ಮನೆಯ ಪಂಜಾಬಿ ಆಂಟಿಗೂ ಒಂದು ಡಬ್ಬಿ ಹೋಯಿತು, ಒಯ್ದು ಕೊಟ್ಟವಳು ಅಮ್ಮನೇ, ಹಿಂದಿ ಇಲ್ಲದೆ.

ಈಗ ಪೆಟ್ಟಿಗೆ ಪೂರಾ ಅವಳ ಕೈಗೆ ಹೋಗಿದೆ. ಮೊಸರಿಗೆ 40 ಇಡುತ್ತಾಳೆ. ಇಡ್ಲಿಗೆ ನಾನು ಇಟ್ಟಿದ್ದ 30 ಅವಳಿಗೆ ಒಪ್ಪಿಗೆಯಾಗಿಲ್ಲ, 28 ಮಾಡಿದ್ದಾಳೆ, ಒಂದೂವರೆ ಗಂಟೆ ಹೆಚ್ಚು ಹಿಡಿದರೂ ಹುಳಿ ಹದವಾಗಿರುತ್ತದೆ ಎಂದು. ತಿಂದು ನೋಡಿದರೆ ಅವಳ ಮಾತೇ ಸರಿ. ಮೇ ತಿಂಗಳಿಗೆ 7-8ನೇ ತಿರುಪಿಗೆ ಫ್ಯಾನನ್ನು ಬದಲಾಯಿಸಿ, ಒಳಗೆ ನೀರು ಹೆಪ್ಪುಗಟ್ಟಿಸಿದ ಎರಡು ಬಾಟಲಿ ಇಟ್ಟು, ತಂಪಿನ ಪೆಟ್ಟಿಗೆ ಮಾಡಿಕೊಡಬೇಕಿದೆ. 44 ಡಿಗ್ರಿಯ ದೆಹಲಿ ಬೇಸಿಗೆಯಲ್ಲಿ ಹಿಟ್ಟು ಸಂಜೆಯೊಳಗೇ ಹುಳಿಯಾಗುತ್ತದೆ, ಅದನ್ನೂ ಸರಿ ಮಾಡು ಎಂದು ಅಮ್ಮನ ಅಪ್ಪಣೆಯಾಗಿದೆ.