ಗೋಡೆಯ ಮೇಲೆ ಉಳಿಯುವ ಮುಖ

ಮನೆಯ ಹಿರಿಯರೊಬ್ಬರು ತೀರಿಕೊಂಡ ಮೂರು ನಾಲ್ಕು ದಿನಗಳಿಗೆಲ್ಲ ಒಂದು ಹುಡುಕಾಟ ಶುರುವಾಗುತ್ತದೆ. ಉತ್ತರಕ್ರಿಯೆಯ ಹೊತ್ತಿಗೆ ಹಾರ ಹಾಕಿ ಇಡಲು ಒಂದು ಫೋಟೊ ಬೇಕು. ಪೆಟ್ಟಿಗೆ, ಬೀರು, ಹಳೆಯ ಆಲ್ಬಂಗಳನ್ನೆಲ್ಲ ಜಾಲಾಡಿದ ಮೇಲೆ ಸಿಗುವುದು ಬ್ಯಾಂಕಿನ ಪಾಸ್‌ಬುಕ್ಕಿಗೆಂದು ತೆಗೆಸಿದ ಅಂಚೆಚೀಟಿ ಗಾತ್ರದ ಚಿತ್ರ. ಇಲ್ಲವೇ ಯಾರದೋ ಮದುವೆಯ ಗುಂಪಿನಲ್ಲಿ ಇಣುಕುತ್ತಿರುವ ಅರ್ಧ ಮುಖ. ಅದನ್ನೇ ಹಿಗ್ಗಿಸಿ, ಹಿಂದೆ ನೀಲಿ ಬಣ್ಣ ತುಂಬಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಎಪ್ಪತ್ತು ಎಂಬತ್ತು ವರ್ಷ ನಕ್ಕು, ಗದರಿ, ಮೊಮ್ಮಕ್ಕಳಿಗೆ ಕತೆ ಹೇಳಿದ ಮುಖವೊಂದು ಮುಂದಿನ ತಲೆಮಾರಿಗೆ ಉಳಿಯುವುದು ಕ್ಯಾಮೆರಾದ ಮುಂದೆ ಬೆಚ್ಚಿ ಕುಳಿತ ಆ ಒಂದು ಗಳಿಗೆಯಾಗಿ.

ಕ್ಯಾಮೆರಾ ಇಲ್ಲದ ಕಾಲದಲ್ಲಿ ಹೀಗಾಗಿದ್ದರೆ ಅರ್ಥಮಾಡಿಕೊಳ್ಳಬಹುದಿತ್ತು. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇದೆ. ಆದರೂ ಅನೇಕ ಮನೆಗಳಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ಅಜ್ಜ ಅಜ್ಜಿಯ ಮದುವೆಯ ಕಪ್ಪು ಬಿಳುಪು ಚಿತ್ರ ಇಂದಿಗೂ ಸ್ಪಷ್ಟವಾಗಿದೆ. ಅಪ್ಪ ಅಮ್ಮನ ಮದುವೆಯ ಬಣ್ಣದ ಚಿತ್ರ ಕೆಂಪಡರಿ ಮಂಕಾಗಿದೆ. ಮಕ್ಕಳ ಬಾಲ್ಯದ ಸಾವಿರಾರು ಚಿತ್ರಗಳು ಕೆಟ್ಟುಹೋದ ಮೊಬೈಲಿನೊಳಗೆ ಸಿಕ್ಕಿಕೊಂಡಿವೆ. ತಂತ್ರಜ್ಞಾನ ಮುಂದೆ ಸಾಗಿದಷ್ಟೂ ಮುಖಗಳು ಹಿಂದೆ ಸರಿದವೇ? ಹಾಗಾಗಬೇಕಿಲ್ಲ. ಒಳ್ಳೆಯ ಭಾವಚಿತ್ರವೊಂದನ್ನು ತೆಗೆದು, ಅದನ್ನು ಮನೆಯಲ್ಲೇ ಬಾಳಿಕೆ ಬರುವಂತೆ ಮುದ್ರಿಸಿಕೊಳ್ಳುವ ವಿದ್ಯೆ ನೂರೈವತ್ತು ವರ್ಷಗಳಿಂದ ಇದೆ. ಅದಕ್ಕೆ ಬೇಕಾದುದರಲ್ಲಿ ಬಹುಪಾಲು ದುಡ್ಡು ಕೊಟ್ಟು ಕೊಳ್ಳುವಂಥದ್ದೂ ಅಲ್ಲ.

ಕೋಳಿಗೂಡಿನ ಸ್ಟುಡಿಯೊ

ಫ್ರಾನ್ಸಿನ ಡಾಗೇರ್ ತನ್ನ ವಿಧಾನವನ್ನು 1839ರಲ್ಲಿ ಜಗತ್ತಿಗೆ ತಿಳಿಸಿದಾಗ ಒಂದು ಚಿತ್ರ ಮೂಡಲು ಹಲವು ನಿಮಿಷಗಳೇ ಹಿಡಿಯುತ್ತಿದ್ದವು. ಅಷ್ಟು ಹೊತ್ತು ಅಲುಗಾಡದೆ ಕೂರುವುದು ಮನುಷ್ಯಮಾತ್ರರಿಗೆ ಸಾಧ್ಯವಿರಲಿಲ್ಲ. ಆದ್ದರಿಂದ ಸ್ಟುಡಿಯೊಗಳಲ್ಲಿ ಕುಳಿತವರ ಕತ್ತಿನ ಹಿಂದೆ ಕಬ್ಬಿಣದ ಆಸರೆಯೊಂದನ್ನು ನಿಲ್ಲಿಸುತ್ತಿದ್ದರು. ಆ ಕಾಲದ ಚಿತ್ರಗಳಲ್ಲಿ ಯಾರೂ ನಗದಿರುವುದಕ್ಕೆ ಇದೂ ಒಂದು ಕಾರಣ. 1840ರಲ್ಲಿ ವಿಯೆನ್ನಾದ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕಹಾಕಿ ರೂಪಿಸಿದ ಮಸೂರ ಹಿಂದಿನವುಗಳಿಗಿಂತ ಬಹುಪಾಲು ಹೆಚ್ಚು ಬೆಳಕನ್ನು ಒಳಬಿಟ್ಟಿತು. ಭಾವಚಿತ್ರ ನಿಜಕ್ಕೂ ಕೈಗೆಟುಕಿದ್ದು ಆಮೇಲೆ.

1854ರ ಕೊನೆಯಲ್ಲಿ ಬ್ರಿಟಿಷ್ ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ ಕ್ಯಾಮೆರಾ ಹೊತ್ತು ಮೈಸೂರು ಸೀಮೆಯಲ್ಲಿ ಸುತ್ತಿದಾಗ ತೆಗೆದದ್ದು ಹಳೇಬೀಡು, ಬೇಲೂರುಗಳಂಥ ಗುಡಿಗಳ ಚಿತ್ರಗಳನ್ನು. ಆತ ಬಳಸುತ್ತಿದ್ದ ಕಾಗದದ ನೆಗೆಟಿವ್‌ಗೆ ದೀರ್ಘ ಕಾಲ ಬೆಳಕು ಬೇಕಿತ್ತು. ಕಲ್ಲಿನ ಮದನಿಕೆಯರು ಎಷ್ಟು ಹೊತ್ತು ಬೇಕಾದರೂ ಅಲುಗಾಡದೆ ನಿಲ್ಲಬಲ್ಲರು!

ಮನೆಯಲ್ಲೇ ಭಾವಚಿತ್ರ ತೆಗೆದು ಮನೆಯಲ್ಲೇ ಪ್ರಿಂಟು ಹಾಕುವವರಿಗೆಲ್ಲ ಹಿರಿಯಕ್ಕನಂತಿರುವವರು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಈಕೆಗೆ 1863ರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಮಗಳು ಅಳಿಯ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಇಂಗ್ಲೆಂಡಿನ ತಮ್ಮ ಮನೆಯ ಕೋಳಿಗೂಡನ್ನೇ ಆಕೆ ಸ್ಟುಡಿಯೊ ಮಾಡಿಕೊಂಡರು. ಕಲ್ಲಿದ್ದಲು ತುಂಬಿಡುವ ಕೋಣೆ ಡಾರ್ಕ್‌ರೂಮ್ ಆಯಿತು. ಮನೆಕೆಲಸದ ಹೆಣ್ಣುಮಕ್ಕಳು, ನೆರೆಹೊರೆಯವರು, ಕವಿಗಳು, ವಿಜ್ಞಾನಿಗಳು ಎಲ್ಲರೂ ಅಲ್ಲಿ ಕುಳಿತರು. 1867ರಲ್ಲಿ ಆಕೆ ತೆಗೆದ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್‌ರ ಚಿತ್ರ ಇಂದಿಗೂ ಜಗತ್ತಿನ ಶ್ರೇಷ್ಠ ಭಾವಚಿತ್ರಗಳಲ್ಲಿ ಒಂದು. ಕತ್ತಲೆಯ ಹಿನ್ನೆಲೆ, ಬೆಳಕಿನಲ್ಲಿ ಕೆದರಿದ ಬಿಳಿಗೂದಲು, ದಣಿದರೂ ಹೊಳೆಯುವ ಕಣ್ಣು, ಇಷ್ಟೇ ಅದರಲ್ಲಿರುವುದು. ಪ್ರಿಂಟು ಬಾಳುವಂತೆ ಮಾಡುವ ‘ಹೈಪೋ’ ದ್ರಾವಣಕ್ಕೆ ಬೆಳ್ಳಿಯ ಲವಣವನ್ನು ಕರಗಿಸುವ ಗುಣವಿದೆಯೆಂದು 1819ರಲ್ಲೇ ಕಂಡುಕೊಂಡವರೂ ಇದೇ ಹರ್ಷೆಲ್.

ನಮ್ಮಲ್ಲಿ ಫೋಟೊ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆಂಬ ನಂಬಿಕೆ ಬಹುಕಾಲ ಇತ್ತು. ಪರಪುರುಷರೆದುರು ಮುಖ ತೋರಿಸದ ಹೆಂಗಸರ ಕಷ್ಟ ಇನ್ನೊಂದು. ನಿಜಾಮರ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಸ್ಟುಡಿಯೊ ತೆರೆದು ಅದರ ಹೊಣೆಯನ್ನು ಮಹಿಳೆಯೊಬ್ಬರಿಗೆ ವಹಿಸಿದರು. ಮುಖ ಅರಳಬೇಕಾದರೆ ಎದುರಿಗಿರುವವರ ಮೇಲೆ ವಿಶ್ವಾಸವಿರಬೇಕೆಂಬುದನ್ನು ಅವರು ಅರಿತಿದ್ದರು. ಮೈಸೂರಿನಲ್ಲಿ ಹುಟ್ಟಿ, ಸಾಮಾನ್ಯ ಜನರ ಮುಖಗಳನ್ನೇ ಕಪ್ಪು ಬಿಳುಪಿನಲ್ಲಿ ದಾಖಲಿಸಿ 1977ರಲ್ಲಿ ಪದ್ಮಶ್ರೀ ಪಡೆದ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ನೋಡಿದರೂ ಈ ಮಾತು ಮನವರಿಕೆಯಾಗುತ್ತದೆ.

ಜಗುಲಿಯ ಬೆಳಕು

ಒಳ್ಳೆಯ ಭಾವಚಿತ್ರಕ್ಕೆ ಮೊದಲು ಬೇಕಾದದ್ದು ಒಳ್ಳೆಯ ಬೆಳಕು. ಬಹಳ ಮಂದಿ ಬೆಳಕು ಹೆಚ್ಚಿದಷ್ಟೂ ಚಿತ್ರ ಚೆನ್ನಾಗಿರುತ್ತದೆಂದು ಭಾವಿಸಿ ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸುತ್ತಾರೆ. ನಡುನೆತ್ತಿಯ ಸೂರ್ಯ ಹುಬ್ಬಿನ ಕೆಳಗೆ, ಮೂಗಿನ ಕೆಳಗೆ ಕಪ್ಪು ನೆರಳು ಚೆಲ್ಲುತ್ತಾನೆ. ಕಣ್ಣು ಗುಳಿಬಿದ್ದಂತೆ ಕಾಣುತ್ತದೆ. ಕ್ಯಾಮೆರಾದ ಫ್ಲ್ಯಾಶ್ ಇದಕ್ಕಿಂತ ಕೆಟ್ಟದ್ದು. ಅದು ಮುಖದ ಏರುತಗ್ಗುಗಳನ್ನೆಲ್ಲ ಅಳಿಸಿ, ಹಿಂದಿನ ಗೋಡೆಗೆ ಕರಿ ನೆರಳು ಅಂಟಿಸುತ್ತದೆ.

ಬಿಸಿಲು ನೇರವಾಗಿ ಬೀಳದ ಕಿಟಕಿಯೇ ಉತ್ತಮ ದೀಪ. ಉತ್ತರಕ್ಕೆ ತೆರೆದ ಕಿಟಕಿಯಾದರೆ ವರ್ಷದ ಬಹುಭಾಗ ಬೆಳಕು ಒಂದೇ ಸಮನಾಗಿರುತ್ತದೆ. ಕುಳಿತವರನ್ನು ಕಿಟಕಿಯಿಂದ ಮೂರು ನಾಲ್ಕು ಅಡಿ ದೂರದಲ್ಲಿ, ಬೆಳಕು ಒಂದು ಮಗ್ಗುಲಿನಿಂದ ಓರೆಯಾಗಿ ಬೀಳುವಂತೆ ಕೂರಿಸಬೇಕು. ಆಗ ಒಂದು ಕೆನ್ನೆ ಬೆಳಗಿ, ಇನ್ನೊಂದು ಮೆಲ್ಲಗೆ ನೆರಳಿಗೆ ಜಾರುತ್ತದೆ. ಮುಖಕ್ಕೆ ಉಬ್ಬುತಗ್ಗು ಬರುತ್ತದೆ. ನೆರಳು ಅತಿಯಾಯಿತೆನಿಸಿದರೆ ಆ ಕಡೆ ಒಂದು ಬಿಳಿ ಪಂಚೆಯನ್ನು ಹಿಡಿದರೆ ಸಾಕು. ಸ್ಟುಡಿಯೊದವರು ದುಡ್ಡು ಕೊಟ್ಟು ತರುವ ರಿಫ್ಲೆಕ್ಟರ್ ಮಾಡುವ ಕೆಲಸವೂ ಅದೇ.

ನಮ್ಮ ಹಳೆಯ ಮನೆಗಳ ಜಗುಲಿ ಮತ್ತು ತೊಟ್ಟಿಗಳು ಇದಕ್ಕೆಂದೇ ಕಟ್ಟಿದಂತಿವೆ. ಮೇಲೆ ಸೂರು, ಎದುರಿಗೆ ಬಯಲಿನ ಬೆಳಕು, ಹಿಂದೆ ಕತ್ತಲೆಯ ನಡುಮನೆ. ಇಟಲಿಯ ಲಿಯೊನಾರ್ಡೊ ಡ ವಿಂಚಿ ಕೂಡ ಭಾವಚಿತ್ರ ಬರೆಯುವವರು ಮೋಡ ಕವಿದ ಹೊತ್ತಿನಲ್ಲೋ ಸಂಜೆಯಲ್ಲೋ ಅಂಗಳದಲ್ಲಿ ಕೆಲಸ ಮಾಡಬೇಕೆಂದು, ಬೇಕಿದ್ದರೆ ಮೇಲೆ ಬಟ್ಟೆಯ ಚಪ್ಪರ ಎಳೆದುಕೊಳ್ಳಬೇಕೆಂದು ತನ್ನ ಟಿಪ್ಪಣಿಗಳಲ್ಲಿ ಸಲಹೆ ಮಾಡಿದ್ದ. ಕ್ಯಾಮೆರಾ ಹುಟ್ಟುವುದಕ್ಕೆ ಮುನ್ನೂರು ವರ್ಷಗಳಿಗೂ ಹಿಂದಿನ ಮಾತು ಅದು.

ಅಪಾರ್ಟ್‌ಮೆಂಟಿನಲ್ಲಿ ಇರುವವರೂ ಚಿಂತಿಸಬೇಕಿಲ್ಲ. ಬಾಲ್ಕನಿಯ ಬಾಗಿಲು ತೆರೆದು, ಒಳಗಿನ ವಿದ್ಯುದ್ದೀಪಗಳನ್ನೆಲ್ಲ ಆರಿಸಿದರಾಯಿತು. ಎರಡು ಬಗೆಯ ಬೆಳಕು ಬೆರೆತರೆ ಮುಖದ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಹಳದಿ ಕಾಣುತ್ತದೆ.

ಮೂಗಿನ ಲೆಕ್ಕ

‘ಫೋಟೊದಲ್ಲಿ ನನ್ನ ಮೂಗು ದಪ್ಪ ಕಾಣುತ್ತೆ’ ಎನ್ನುವ ದೂರು ಸುಳ್ಳಲ್ಲ. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರ್ ಅಂತರವಿದೆಯೆನ್ನೋಣ. ಕ್ಯಾಮೆರಾ ಮೂಗಿನಿಂದ 30 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿ 42 ಸೆಂಟಿಮೀಟರ್ ದೂರದಲ್ಲಿರುತ್ತದೆ. ಮೂಗಿಗೆ ಹೋಲಿಸಿದರೆ ಕಿವಿ ಕಾಲು ಭಾಗಕ್ಕಿಂತಲೂ ಹೆಚ್ಚು ಚಿಕ್ಕದಾಗಿ ಮೂಡುತ್ತದೆ. ಅದೇ ಕ್ಯಾಮೆರಾವನ್ನು ಆರು ಅಡಿ, ಅಂದರೆ 180 ಸೆಂಟಿಮೀಟರ್ ದೂರಕ್ಕೆ ಒಯ್ದರೆ ಈ ವ್ಯತ್ಯಾಸ ನೂರಕ್ಕೆ ಆರರಷ್ಟು ಮಾತ್ರ. ತಪ್ಪು ಮೂಗಿನದಲ್ಲ, ದೂರದ್ದು.

ಹಿಂದಿನ ಫಿಲ್ಮ್ ಕ್ಯಾಮೆರಾಗಳಲ್ಲಿ 85ರಿಂದ 105 ಮಿಲಿಮೀಟರ್ ಮಸೂರವನ್ನು ಭಾವಚಿತ್ರಕ್ಕೆ ಮೀಸಲಿಡುತ್ತಿದ್ದುದು ಇದಕ್ಕಾಗಿಯೇ. ಅಷ್ಟು ದೂರ ನಿಂತರೂ ಅದರಲ್ಲಿ ಮುಖ ಚೌಕಟ್ಟನ್ನು ತುಂಬುತ್ತದೆ. ಮೊಬೈಲಿನಲ್ಲಿ ಎರಡು ಅಥವಾ ಮೂರು ಪಟ್ಟು ಹಿಗ್ಗಿಸುವ ಪ್ರತ್ಯೇಕ ಮಸೂರವಿದ್ದರೆ ಅದನ್ನೇ ಬಳಸಿ, ಐದಾರು ಅಡಿ ಹಿಂದೆ ಸರಿಯಬೇಕು. ಕ್ಯಾಮೆರಾ ಕುಳಿತವರ ಕಣ್ಣಿನ ಮಟ್ಟದಲ್ಲಿರಬೇಕು. ಫೋಕಸ್ ಕ್ಯಾಮೆರಾಕ್ಕೆ ಹತ್ತಿರದ ಕಣ್ಣಿನ ಮೇಲೆ ಬೀಳಬೇಕು. ಆ ಕಣ್ಣಿನಲ್ಲಿ ಕಿಟಕಿಯ ಬಿಳಿ ಚುಕ್ಕಿ ಹೊಳೆಯುತ್ತಿರಬೇಕು. ಆ ಚುಕ್ಕಿ ಇಲ್ಲದ ಮುಖದಲ್ಲಿ ಜೀವವಿಲ್ಲ.

ಇನ್ನೊಂದು ಎಚ್ಚರ ನಮ್ಮವರ ಮೈಬಣ್ಣಕ್ಕೆ ಸಂಬಂಧಿಸಿದ್ದು. ಸ್ವಯಂಚಾಲಿತ ಕ್ಯಾಮೆರಾ ಇಡೀ ದೃಶ್ಯದ ಸರಾಸರಿ ಬೆಳಕನ್ನು ಅಳೆಯುತ್ತದೆ. ಬಿಳಿ ಗೋಡೆಯ ಮುಂದೆ ಬಿಳಿ ಅಂಗಿ ತೊಟ್ಟು ಕುಳಿತ ಕಪ್ಪು ಮೈಬಣ್ಣದವರನ್ನು ಅದು ಇನ್ನಷ್ಟು ಕಪ್ಪಾಗಿಸುತ್ತದೆ. ಮೊಬೈಲ್ ಪರದೆಯಲ್ಲಿ ಮುಖವನ್ನೇ ಮುಟ್ಟಿ ಬೆಳಕು ಹೊಂದಿಸಿಕೊಂಡರೆ ಮುಖ ಸರಿಯಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡುವುದು, ಸುಕ್ಕು ಅಳಿಸುವುದು ಬೇಡ. ಅಜ್ಜಿಯ ಸುಕ್ಕುಗಳನ್ನು ಅಳಿಸಿದರೆ ಉಳಿಯುವವರು ಅಜ್ಜಿಯಲ್ಲ.

ಮಾತು ಮಾತ್ರ ನಿಲ್ಲಬಾರದು. ‘ನಗಿ’ ಎಂದರೆ ಯಾರೂ ನಗುವುದಿಲ್ಲ. ಕೈಗೆ ಕಾಫಿಯ ಲೋಟವನ್ನೋ ಬಿಡಿಸಲು ಅವರೆಕಾಯಿಯನ್ನೋ ಕೊಟ್ಟು, ಹಳೆಯ ಊರಿನ ಸುದ್ದಿ ತೆಗೆದರೆ ಹತ್ತು ನಿಮಿಷದಲ್ಲಿ ಕ್ಯಾಮೆರಾ ಮರೆತುಹೋಗುತ್ತದೆ. ಚಿತ್ರ ಸಿಗುವುದು ಆಮೇಲೆ.

ಬಚ್ಚಲುಮನೆಯ ಕೆಂಪು ದೀಪ

ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾದ ಒಂದು ರೋಲಿನಲ್ಲಿ ಸಿಗುತ್ತಿದ್ದುದು ಹನ್ನೆರಡೇ ಚಿತ್ರ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ, ಈಗ ಮುಚ್ಚಿಹೋಗಿರುವ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮ್ ಹಾಕಿ, ರಾತ್ರಿ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ ಪ್ರಿಂಟು ಹಾಕುತ್ತಿದ್ದ ಹವ್ಯಾಸಿಗಳು ಅನೇಕರಿದ್ದರು.

ವಿಧಾನ ಸರಳ. ಎನ್‌ಲಾರ್ಜರ್ ಮೂಲಕ ನೆಗೆಟಿವ್‌ನ ಬಿಂಬವನ್ನು ಬ್ರೋಮೈಡ್ ಕಾಗದದ ಮೇಲೆ ಕೆಲವು ಸೆಕೆಂಡು ಬೀಳಿಸಬೇಕು. ಬಳಿಕ ಮೂರು ತಟ್ಟೆಗಳು. ಮೊದಲನೆಯದು ಡೆವಲಪರ್, ಸುಮಾರು 20 ಡಿಗ್ರಿ ಉಷ್ಣತೆಯಲ್ಲಿ ಒಂದೆರಡು ನಿಮಿಷ. ಬೇಸಿಗೆಯಲ್ಲಿ ಇದಕ್ಕಾಗಿ ತಟ್ಟೆಯನ್ನು ಮಂಜುಗಡ್ಡೆಯ ನೀರಿನಲ್ಲಿ ಇಡಬೇಕಾಗುತ್ತಿತ್ತು. ಎರಡನೆಯದು ತೆಳು ಆಮ್ಲದ ನೀರು; ಅದು ಡೆವಲಪರಿನ ಕೆಲಸವನ್ನು ನಿಲ್ಲಿಸುತ್ತದೆ. ಮೂರನೆಯದು ಹೈಪೋ, ಬೆಳಕು ತಾಗದೆ ಉಳಿದ ಬೆಳ್ಳಿ ಲವಣವನ್ನು ಕರಗಿಸಿ ಚಿತ್ರವನ್ನು ಶಾಶ್ವತಗೊಳಿಸುತ್ತದೆ. ಕೆಂಪು ದೀಪದ ಮಬ್ಬಿನಲ್ಲಿ ಬಿಳಿ ಕಾಗದದ ಮೇಲೆ ಮೊದಲು ಕಣ್ಣು, ಆಮೇಲೆ ಹುಬ್ಬು, ಕೂದಲು ಮೂಡಿಬರುವುದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಗುಣಮಟ್ಟದ ಗುಟ್ಟು ಇದ್ದದ್ದು ತಾಳ್ಮೆಯಲ್ಲಿ. ಇಡೀ ಕಾಗದ ಹಾಳುಮಾಡುವ ಮುನ್ನ ಒಂದು ಸೀಳು ಕಾಗದದ ಮೇಲೆ ಬೇರೆ ಬೇರೆ ಅವಧಿಯ ಬೆಳಕು ಬಿಟ್ಟು ಪರೀಕ್ಷಿಸುತ್ತಿದ್ದರು. ಕಪ್ಪಾಗುವ ಭಾಗಕ್ಕೆ ರಟ್ಟಿನ ಬಿಲ್ಲೆಯನ್ನು ಅಡ್ಡ ಹಿಡಿದು ಬೆಳಕು ತಗ್ಗಿಸುತ್ತಿದ್ದರು. ಕೊನೆಗೆ ಹರಿಯುವ ನೀರಿನಲ್ಲಿ ಸುಮಾರು ಒಂದು ಗಂಟೆ ತೊಳೆಯುತ್ತಿದ್ದರು. ಹೈಪೋ ಉಳಿದರೆ ಕೆಲವು ವರ್ಷಗಳಲ್ಲಿ ಚಿತ್ರ ಹಳದಿಯಾಗುತ್ತದೆ. ಅಜ್ಜ ಅಜ್ಜಿಯ ಚಿತ್ರ ಉಳಿದಿದ್ದರೆ ಅದನ್ನು ಯಾರೋ ಚೆನ್ನಾಗಿ ತೊಳೆದಿದ್ದರೆಂದೇ ಅರ್ಥ. ಆ ಚಿತ್ರ ಇರುವುದು ಬೆಳ್ಳಿಯಲ್ಲಿ. ಅಪ್ಪ ಅಮ್ಮನ ಬಣ್ಣದ ಚಿತ್ರವಿದ್ದದ್ದು ರಾಸಾಯನಿಕ ವರ್ಣಗಳಲ್ಲಿ. ಅವುಗಳಲ್ಲಿ ಹಸಿರುನೀಲಿ ವರ್ಣ ಬೇಗ ಮಾಸಿದ್ದರಿಂದಲೇ ಉಳಿದದ್ದು ಕೆಂಪು.

ಇಂದಿನ ಪ್ರಿಂಟು

ಈಗ ಮನೆಯ ಮೇಜಿನ ಮೇಲಿನ ಇಂಕ್‌ಜೆಟ್ ಪ್ರಿಂಟರ್ ಈ ಕೆಲಸವನ್ನು ಮಾಡಬಲ್ಲದು. ಕೊಳ್ಳುವ ಮುನ್ನ ಅದರ ಶಾಯಿ ಯಾವ ಬಗೆಯದೆಂದು ಕೇಳಬೇಕು. ನೀರಿನಲ್ಲಿ ಕರಗುವ ಡೈ ಶಾಯಿ ಹೊಳಪಾಗಿ ಕಂಡರೂ ಸಾಮಾನ್ಯವಾಗಿ ಬೇಗ ಮಾಸುತ್ತದೆ. ಬಣ್ಣದ ಸೂಕ್ಷ್ಮ ಕಣಗಳಿರುವ ಪಿಗ್ಮೆಂಟ್ ಶಾಯಿ, ಆಮ್ಲರಹಿತ ಹತ್ತಿ ಕಾಗದ ಎರಡೂ ಸೇರಿದರೆ ಚಿತ್ರ ಹಲವು ದಶಕ ಬಾಳುತ್ತದೆ. ಕಚೇರಿಯ ಜೆರಾಕ್ಸ್ ಕಾಗದದ ಮೇಲೆ ಎಂಥ ಪ್ರಿಂಟರ್ ಇದ್ದರೂ ಫಲವಿಲ್ಲ.

ಗಾತ್ರಕ್ಕೂ ಲೆಕ್ಕವಿದೆ. ಇಂಚಿಗೆ 300 ಚುಕ್ಕಿಗಳಂತೆ 8×10 ಇಂಚಿನ ಪ್ರಿಂಟಿಗೆ 2400×3000, ಅಂದರೆ 72 ಲಕ್ಷ ಚುಕ್ಕಿಗಳು ಬೇಕು. ಈಗಿನ ಮೊಬೈಲುಗಳಲ್ಲಿ ಇದಕ್ಕಿಂತ ಹೆಚ್ಚೇ ಇರುತ್ತವೆ. ಆದರೆ ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ದಾರಿಯಲ್ಲೇ ಕುಗ್ಗುತ್ತದೆ. ಮೂಲ ಕಡತವನ್ನೇ ಪಡೆಯಬೇಕು. ಹೊಳೆಯುವ ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಕಾಗದದ ಮೇಲೆ ಕಪ್ಪಾಗಿ ಬರುವುದು ಸಾಮಾನ್ಯ. ಪರದೆಯ ಬೆಳಕು ತಗ್ಗಿಸಿಕೊಂಡು, ಹಿಂದಿನವರಂತೆ ಒಂದು ಸಣ್ಣ ತುಂಡಿನ ಮೇಲೆ ಮೊದಲು ಪ್ರಿಂಟು ಹಾಕಿ ನೋಡಬೇಕು.

ಕಟ್ಟು ಹಾಕಿಸುವಾಗ ಚಿತ್ರ ಗಾಜಿಗೆ ತಾಗದಂತೆ ನಡುವೆ ದಪ್ಪ ಕಾಗದದ ಅಂಚು ಇಡಿಸುವುದು ಅವಶ್ಯ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಎಷ್ಟೋ ಚಿತ್ರಗಳು ಗಾಜಿಗೆ ಅಂಟಿ, ಬಿಡಿಸಹೋದಾಗ ಮುಖವೇ ಕಿತ್ತುಬಂದ ಉದಾಹರಣೆಗಳಿವೆ. ಬಿಸಿಲು ಬೀಳುವ ಗೋಡೆ, ಅಂಟು ಹಾಳೆಯ ಆಲ್ಬಂ ಎರಡೂ ಬೇಡ. ಚಿತ್ರದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರು, ಊರು, ಇಸವಿ ಬರೆದಿಡಬೇಕು. ಐವತ್ತು ವರ್ಷದ ಬಳಿಕ ‘ಇವರು ಯಾರು?’ ಎಂದು ಕೇಳಿದರೆ ಹೇಳುವವರು ಇರುವುದಿಲ್ಲ.

ಇಷ್ಟಕ್ಕೆಲ್ಲ ಬೇಕಾದದ್ದು ಒಂದು ಭಾನುವಾರದ ಬೆಳಗು, ಒಂದು ಕಿಟಕಿ, ಒಂದು ಬಿಳಿ ಪಂಚೆ. ಅಜ್ಜಿ ‘ನನ್ನದೇನು ಫೋಟೊ, ಬಿಡ್ರೋ’ ಎನ್ನಬಹುದು. ಆದರೂ ಹೊಸ ಸೀರೆ ಉಟ್ಟೇ ಬಂದು ಕೂರುತ್ತಾರೆ. ಹಾರ ಹಾಕಲೆಂದು ಹುಡುಕುವ ದಿನಕ್ಕಾಗಿ ಕಾಯದೆ, ಎದುರು ಕುಳಿತು ನೋಡಿ ‘ಚೆನ್ನಾಗಿ ಬಂದಿದೆ’ ಎಂದು ಅವರೇ ಹೇಳುವಾಗ ತೆಗೆದ ಚಿತ್ರ ಗೋಡೆಯ ಮೇಲಿರುವುದು ಒಳ್ಳೆಯದು.